ಶೂನ್ಯದಲ್ಲೊಬ್ಬ ರಕ್ತಬೀಜಾಸುರ



ಕಳೆದ ತಿಂಗಳ ನಮ್ಮ ಬಳಗದ ಸಭೆಗೆ ಬಂದಿದ್ದವರಿಗೆ ನೆನಪಿರಬಹುದು. ಕಾದಂಬರಿಯ ಚರ್ಚೆ ಮುಗಿದು ಚಕ್ಕುಲಿಯ ತಟ್ಟೆ ಎರಡನೆಯ ಸುತ್ತು ಬರುತ್ತಿತ್ತು. ಊರಿನಲ್ಲಿ ಬಹಳ ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾಗಿ, ಈಗ ಆರು ತಿಂಗಳಿಗೆಂದು ಮಗಳ ಮನೆಗೆ ಬಂದಿರುವ ಮೇಷ್ಟ್ರು ನಮ್ಮಿಬ್ಬರನ್ನೂ ಒಂದು ಮೂಲೆಯಲ್ಲಿ ಹಿಡಿದು ಕೇಳಿದರು: "ಅಲ್ರಪ್ಪಾ, ನೀವಿಬ್ಬರೂ ಇಷ್ಟು ವರ್ಷದಿಂದ ಅದೇನೋ ಕೊಳವೆ ಮಾಡ್ತೀರಂತೆ. ಅದರಲ್ಲಿ ನೀರು ಹರಿಯಲ್ಲ, ಗಾಳಿ ಕೂಡ ಇರಲ್ಲ ಅಂತೀರಿ. ಒಳಗೆ ಏನೂ ಇಲ್ಲದ ಕೊಳವೆ ಕೆಡೋದು ಹೇಗೆ?"

ಇಂಥ ನೇರ ಪ್ರಶ್ನೆಯನ್ನು ನಮ್ಮ ಕಂಪನಿಗಳ ಇಂಟರ್‌ವ್ಯೂನಲ್ಲೂ ಯಾರೂ ಕೇಳಿರಲಿಲ್ಲ. ಪೇಪರ್ ನ್ಯಾಪ್‌ಕಿನ್ ಮೇಲೆ ಚಿತ್ರ ಬಿಡಿಸಿ ಏನೋ ಹೇಳಿದೆವು. ಪೂರ್ತಿ ಕೇಳಿಸಿಕೊಂಡ ಮೇಷ್ಟ್ರು, "ಓ, ಇದು ರಕ್ತಬೀಜಾಸುರನ ಕಥೆ" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಪಕ್ಕದಲ್ಲಿದ್ದ ಸಂಪಾದಕರು, ಇದನ್ನೇ ಪತ್ರಿಕೆಗೆ ಬರೆದುಕೊಡಿ, ಸಾಹಿತ್ಯದ ನಡುವೆ ಒಂದು ಪುಟ ಕೊಳವೆಯೂ ಇರಲಿ ಎಂದರು. ಈ ಲೇಖನಕ್ಕೆ ಕಾರಣ ಇಷ್ಟೇ. ಬೇ ಏರಿಯಾದಲ್ಲಿ ನಮ್ಮ ಹಾಗೆ ಹಗಲು ಎಂಜಿನಿಯರ್, ವಾರಾಂತ್ಯದಲ್ಲಿ ಓದುಗರಾಗಿರುವವರು ಬಹಳ ಮಂದಿ ಇದ್ದೀರಿ. ತಿಳಿದವರು ಮುಂದಿನ ಕೆಲವು ಪ್ಯಾರಾಗಳನ್ನು ಹಾರಿಸಿಕೊಂಡು ಹೋದರೆ ಬೇಜಾರಿಲ್ಲ.

ಮೊದಲು ಕೊಳವೆಯ ವಿಷಯ. ಮನೆಯ ಕರೆಂಟು ತಂತಿಯಲ್ಲಿ ಹರಿಯುತ್ತದೆ. ಆದರೆ ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುವ ಮೈಕ್ರೋವೇವನ್ನು ಬಹಳ ಶಕ್ತಿಯೊಡನೆ ಸಾಗಿಸಬೇಕಾದಾಗ ತಂತಿ ಬಿಸಿಯಾಗುತ್ತದೆ, ದಾರಿಯಲ್ಲೇ ಶಕ್ತಿ ಸೋರಿಹೋಗುತ್ತದೆ. ಅದಕ್ಕೆ ಒಳಗೆ ಟೊಳ್ಳಾದ ಲೋಹದ ಕೊಳವೆಯನ್ನು ಬಳಸುತ್ತಾರೆ. ಹೆಚ್ಚಾಗಿ ಇದು ಚೌಕಟ್ಟಿನ ಹಾಗೆ ಆಯತಾಕಾರದ್ದು; ಹೆಸರು ವೇವ್‌ಗೈಡ್. ಅಲೆ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಕೊಳವೆಯೊಳಗೇ ಮುಂದೆ ಹೋಗುತ್ತದೆ. ಕೊಳವೆಯ ಅಗಲ ಅಲೆಯ ಅಳತೆಗೆ ತಕ್ಕಂತೆ ಇರಬೇಕು.

280 ಹೆದ್ದಾರಿಯಲ್ಲಿ ಮೆನ್ಲೋ ಪಾರ್ಕ್ ಹತ್ತಿರ ಹೋಗುವಾಗ ರಸ್ತೆಯ ಕೆಳಗೆ ಅಡ್ಡಲಾಗಿ ಗೆರೆ ಎಳೆದ ಹಾಗೆ ಉದ್ದಕ್ಕೆ ಚಾಚಿದ ಒಂದು ಕಟ್ಟಡವನ್ನು ನೀವೆಲ್ಲ ನೋಡಿದ್ದೀರಿ. ಅದೇ ಸ್ಲ್ಯಾಕ್ ಪ್ರಯೋಗಾಲಯದ ಕ್ಲೈಸ್ಟ್ರಾನ್ ಗ್ಯಾಲರಿ. 1966ರಲ್ಲಿ ಕೆಲಸ ಶುರುಮಾಡಿದ, 3.2 ಕಿಲೋಮೀಟರ್ ಉದ್ದದ ಎಲೆಕ್ಟ್ರಾನ್ ವೇಗವರ್ಧಕ ಅದರ ಕೆಳಗೆ, ನೆಲದಡಿಯಲ್ಲಿದೆ. ಕ್ಲೈಸ್ಟ್ರಾನ್ ಎಂದರೆ ಮೈಕ್ರೋವೇವ್ ಶಕ್ತಿಯನ್ನು ಹುಟ್ಟಿಸುವ ದೊಡ್ಡ ನಿರ್ವಾತ ನಳಿಕೆ. 1937ರಲ್ಲಿ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲಿಯೇ ವೇರಿಯನ್ ಸೋದರರು ಅದನ್ನು ಕಂಡುಹಿಡಿದರು. ಮೂಲ ಯಂತ್ರದಲ್ಲಿ ಇಂಥ ಸುಮಾರು 240 ಕ್ಲೈಸ್ಟ್ರಾನುಗಳಿದ್ದವು. ಮುಂದೆ ಬಂದ ಮಾದರಿಗಳಲ್ಲಿ ಒಂದೊಂದೂ ಮೂರೂವರೆ ಮೈಕ್ರೋಸೆಕೆಂಡಿನ ಮಿಡಿತದಲ್ಲಿ 65 ಮೆಗಾವಾಟ್ ಕೊಡುತ್ತದೆ. ನಿಮ್ಮ ಅಡುಗೆಮನೆಯ ಮೈಕ್ರೋವೇವ್ ಒಲೆ ಸುಮಾರು ಸಾವಿರ ವಾಟಿನದು. ಅರವತ್ತೈದು ಸಾವಿರ ಒಲೆಗಳ ಶಕ್ತಿ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, 7.2 ಸೆಂಟಿಮೀಟರ್ ಅಗಲ, 3.4 ಸೆಂಟಿಮೀಟರ್ ಎತ್ತರದ ತಾಮ್ರದ ಕೊಳವೆಯಲ್ಲಿ ಇಳಿದುಹೋಗುತ್ತದೆ.

ಇಷ್ಟು ಶಕ್ತಿ ಇರುವಲ್ಲಿ ಗಾಳಿ ಇದ್ದರೆ ಸಿಡಿಲು ಹೊಡೆದಂತೆ ಕಿಡಿ ಹಾರುತ್ತದೆ. ಆದ್ದರಿಂದ ಗಾಳಿಯನ್ನು ಹೊರಗೆ ಹೀರಿ ನಿರ್ವಾತ ಮಾಡುತ್ತಾರೆ. ಉಪಗ್ರಹದ ಕೊಳವೆಗಳಿಗೆ ಅದರ ಖರ್ಚೂ ಇಲ್ಲ; ಆಕಾಶವೇ ನಿರ್ವಾತ. ಗಾಳಿಯೇ ಇಲ್ಲದ ಮೇಲೆ ಕಿಡಿಯೆಲ್ಲಿ, ಸಿಡಿಲೆಲ್ಲಿ? ಮೇಷ್ಟ್ರ ಪ್ರಶ್ನೆ ಇಲ್ಲಿಗೆ ಬಂದು ನಿಲ್ಲುತ್ತದೆ.

ಗಾಳಿ ಇರುವಾಗ ಎಲೆಕ್ಟ್ರಾನ್ ಒಂದು ದೊಡ್ಡ ಜಾತ್ರೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ. ಹೆಜ್ಜೆ ಹೆಜ್ಜೆಗೂ ಯಾರಿಗಾದರೂ ಢಿಕ್ಕಿ. ಓಡಿ ವೇಗ ಹಿಡಿಯುವ ಹಾಗೇ ಇಲ್ಲ. ನಿರ್ವಾತದಲ್ಲಿ ಜಾತ್ರೆ ಚದುರಿ ಬಯಲು ಖಾಲಿ. ಒಳ್ಳೆಯ ನಿರ್ವಾತದಲ್ಲಿ ಒಂದು ಕಣ ಇನ್ನೊಂದಕ್ಕೆ ತಗಲದೆ ಮೀಟರುಗಟ್ಟಲೆ ಹೋಗಬಹುದು. ಕೊಳವೆಯ ಗೋಡೆಗಳ ನಡುವೆ ಇರುವುದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಕೆಲವು ಸೆಂಟಿಮೀಟರ್. ಅಂದರೆ ಈ ಗೋಡೆಯಿಂದ ಹೊರಟ ಎಲೆಕ್ಟ್ರಾನ್ ಆ ಗೋಡೆಗೆ ತಲುಪುವವರೆಗೂ ಅದನ್ನು ತಡೆಯುವವರೇ ಇಲ್ಲ. ಮೈಕ್ರೋವೇವಿನ ವಿದ್ಯುತ್ ಕ್ಷೇತ್ರ ಅದನ್ನು ಎಳೆದುಕೊಂಡು ಹೋಗಿ ಎದುರುಗೋಡೆಗೆ ಅಪ್ಪಳಿಸುತ್ತದೆ.

ರಕ್ತಬೀಜಾಸುರ ಬರುವುದು ಈಗ. ಯಕ್ಷಗಾನದಲ್ಲಿ ದೇವೀಮಹಾತ್ಮೆ ನೋಡಿದವರಿಗೆ ಅವನ ಪರಿಚಯ ಬೇಕಿಲ್ಲ. ಅವನ ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೆ ಅಲ್ಲೊಬ್ಬ ಹೊಸ ರಕ್ತಬೀಜ ಏಳುತ್ತಾನೆ. ಎಲೆಕ್ಟ್ರಾನ್ ಕೂಡ ಲೋಹದ ಗೋಡೆಗೆ ತಕ್ಕಷ್ಟು ರಭಸದಿಂದ ಬಡಿದರೆ ಅಲ್ಲಿಂದ ಒಂದಕ್ಕಿಂತ ಹೆಚ್ಚು ಎಲೆಕ್ಟ್ರಾನುಗಳು ಹೊರಗೆ ಹಾರುತ್ತವೆ. ಮೆಲ್ಲಗೆ ತಗಲಿದರೆ ಏನೂ ಆಗುವುದಿಲ್ಲ. ವಿಪರೀತ ಜೋರಾಗಿ ಬಡಿದರೂ ಆಗುವುದಿಲ್ಲ, ಏಕೆಂದರೆ ಅದು ಲೋಹದೊಳಗೆ ಆಳವಾಗಿ ಹೂತುಹೋಗಿ, ಅಲ್ಲಿ ಎಬ್ಬಿಸಿದ ಎಲೆಕ್ಟ್ರಾನುಗಳು ಮೇಲೆ ಬರಲಾರದೆ ಅಲ್ಲೇ ಉಳಿಯುತ್ತವೆ. ಬೆಳ್ಳಿ, ತಾಮ್ರ, ಅಲ್ಯುಮಿನಿಯಂನಂಥ ಲೋಹಗಳಲ್ಲಿ ಕೆಲವು ಹತ್ತು ಎಲೆಕ್ಟ್ರಾನ್ ವೋಲ್ಟಿನಿಂದ ಶುರುವಾಗಿ ಸಾವಿರ, ಅದಕ್ಕೂ ಮೇಲಿನವರೆಗೆ ಈ ಫಲವತ್ತಾದ ವ್ಯಾಪ್ತಿ ಇರುತ್ತದೆ.

ಆದರೆ ಬರೀ ಹುಟ್ಟಿದರೆ ಸಾಲದು, ತಾಳವೂ ಕೂಡಬೇಕು. ಕೋಲಾಟವನ್ನು ನೆನಪಿಸಿಕೊಳ್ಳಿ. ಕೋಲು ಎದುರಿನವರ ಕೋಲಿಗೆ ಸರಿಯಾದ ಮಾತ್ರೆಗೆ ತಗಲಬೇಕು. ಒಂದು ಮಾತ್ರೆ ತಪ್ಪಿದರೆ ಇಡೀ ಸುತ್ತು ಕೆಡುತ್ತದೆ. ಎಲೆಕ್ಟ್ರಾನ್ ಎದುರುಗೋಡೆಗೆ ಬಡಿದು ಹೊಸ ಎಲೆಕ್ಟ್ರಾನುಗಳು ಹುಟ್ಟುವ ಕ್ಷಣಕ್ಕೆ ಸರಿಯಾಗಿ ಕ್ಷೇತ್ರವೂ ದಿಕ್ಕು ಬದಲಿಸಿದ್ದರೆ, ಅವು ಹಿಂದಕ್ಕೆ ಮೊದಲ ಗೋಡೆಗೆ ಓಡುತ್ತವೆ. ಅಲ್ಲಿ ಇನ್ನಷ್ಟು ಹುಟ್ಟುತ್ತವೆ. ಗೋಡೆಯಿಂದ ಗೋಡೆಗೆ ಹೋಗುವ ಸಮಯ ಅಲೆಯ ಅರ್ಧ ಆವರ್ತಕ್ಕೆ, ಇಲ್ಲವೇ ಅದರ ಮೂರು, ಐದು ಪಟ್ಟಿಗೆ ಸಮವಾದರೆ ಆಟ ಕೂಡಿತು ಎಂದರ್ಥ. ಇದಕ್ಕೆ ಎಂಜಿನಿಯರುಗಳು ಇಟ್ಟಿರುವ ಹೆಸರು ಮಲ್ಟಿಪ್ಯಾಕ್ಟರ್.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಗಿಗಾಹರ್ಟ್ಸ್ ಅಲೆ, ಎದುರುಬದುರು ಎರಡು ಲೋಹದ ಗೋಡೆ, ನಡುವೆ ಒಂದು ಮಿಲಿಮೀಟರ್ ಸಂದು. ಅರ್ಧ ಆವರ್ತ ಎಂದರೆ ಅರ್ಧ ನ್ಯಾನೋಸೆಕೆಂಡ್. ಅಷ್ಟರಲ್ಲಿ ಸಂದು ದಾಟಲು ಸುಮಾರು 70 ವೋಲ್ಟ್ ಸಾಕು. ಬಡಿಯುವಾಗ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ನಾಲ್ಕು ಸಾವಿರ ಕಿಲೋಮೀಟರ್, ಶಕ್ತಿ ಸುಮಾರು 45 ಎಲೆಕ್ಟ್ರಾನ್ ವೋಲ್ಟ್. ಫಲವತ್ತಾದ ವ್ಯಾಪ್ತಿಗೆ ಆಗಲೇ ಕಾಲಿಟ್ಟಾಯಿತು. ಸಾಮಾನ್ಯವಾಗಿ ಬಳಸುವ 50 ಓಮ್ ಲೈನಿನಲ್ಲಿ 70 ವೋಲ್ಟ್ ಎಂದರೆ ಸುಮಾರು 50 ವಾಟ್, ಹಳೆಯ ಕಾಲದ ಒಂದು ಮಂಕು ಬಲ್ಬಿನಷ್ಟು. ಸಿಡಿಲಿಗೆ ಮೆಗಾವಾಟೇ ಬೇಕೆಂದೇನೂ ಇಲ್ಲ.

ಇನ್ನು ಬೆಳವಣಿಗೆ. ಒಂದೊಂದು ಬಡಿತಕ್ಕೆ ಒಂದಕ್ಕೆ ಒಂದೂವರೆ ಎಂದು ಇಟ್ಟುಕೊಳ್ಳಿ. ಇಪ್ಪತ್ತು ದಾಟಿನ ಹೊತ್ತಿಗೆ ಒಂದು ಎಲೆಕ್ಟ್ರಾನ್ ಮೂರು ಸಾವಿರದ ಮುನ್ನೂರಾಗಿರುತ್ತದೆ. ಐವತ್ತು ದಾಟಿನ ಹೊತ್ತಿಗೆ, ಅಂದರೆ 25 ನ್ಯಾನೋಸೆಕೆಂಡಿನಲ್ಲಿ, ಅರವತ್ತು ಕೋಟಿಗೂ ಹೆಚ್ಚು. ಚದುರಂಗದ ಮನೆಗಳಿಗೆ ಕಾಳು ಕೇಳಿದ ಜಾಣನ ಕಥೆಯೇ ಇದು. ಕೊನೆಗೆ ಎಲೆಕ್ಟ್ರಾನುಗಳು ಒಂದನ್ನೊಂದು ದೂಡಿಕೊಂಡು ತಾಳ ಕೆಟ್ಟು, ಬೆಳವಣಿಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆದರೆ ಅಷ್ಟರಲ್ಲಿ ಆಗಬೇಕಾದ ಹಾನಿ ಶುರುವಾಗಿರುತ್ತದೆ.

ಅಂದ ಹಾಗೆ, ಇದನ್ನು ಗುರುತಿಸಿ ಹೆಸರಿಟ್ಟ ಫೈಲೋ ಫಾರ್ನ್ಸ್‌ವರ್ತ್ ನಮ್ಮ ನೆರೆಯವನೇ. ಹೊಲ ಉಳುತ್ತಿದ್ದ ಹದಿನಾಲ್ಕರ ಹುಡುಗನಾಗಿದ್ದಾಗ, ನೇಗಿಲ ಸಾಲುಗಳನ್ನು ನೋಡಿ, ಚಿತ್ರವನ್ನೂ ಹೀಗೇ ಸಾಲು ಸಾಲಾಗಿ ಕಳಿಸಬಹುದಲ್ಲ ಎಂದು ಹೊಳೆದ ಕಥೆಯನ್ನು ಟೆಲಿವಿಷನ್ ಚರಿತ್ರೆ ಓದಿದವರೆಲ್ಲ ಕೇಳಿರುತ್ತಾರೆ. 1927ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ಗ್ರೀನ್ ಸ್ಟ್ರೀಟ್ 202ರಲ್ಲಿ ಅವನು ತನ್ನ ಎಲೆಕ್ಟ್ರಾನಿಕ್ ಟೆಲಿವಿಷನ್ ಮೂಲಕ ಒಂದು ಗೆರೆಯನ್ನು ಕಳಿಸಿ ತೋರಿಸಿದ. ಆಗ ಅವನಿಗೆ ಇಪ್ಪತ್ತೊಂದು. ಅವನ ಕ್ಯಾಮೆರಾದ ಸಂಕೇತ ಬಹಳ ಕ್ಷೀಣವಾಗಿತ್ತು. ಅದನ್ನು ಹಿಗ್ಗಿಸುವ ದಾರಿ ಹುಡುಕುತ್ತಿದ್ದವನಿಗೆ ಎಲೆಕ್ಟ್ರಾನುಗಳು ಗೋಡೆಗಳ ನಡುವೆ ಓಡಾಡುತ್ತಾ ಮರಿ ಹಾಕುವುದು ವರವಾಗಿ ಕಂಡಿತು. 1934ರಲ್ಲಿ ಇದರ ಬಗ್ಗೆ ಪ್ರಕಟಿಸಿದ. ಇದೇ ತತ್ವದ ಮೇಲೆ ನಳಿಕೆಯನ್ನೂ ಮಾಡಿದ. ಅವನು ಸಾಕಲು ಹೊರಟ ಪ್ರಾಣಿಯನ್ನು ನಾವು ಓಡಿಸಲು ಹೊರಟಿದ್ದೇವೆ. 1950ರ ದಶಕದಲ್ಲಿ ಹ್ಯಾಚ್ ಮತ್ತು ವಿಲಿಯಮ್ಸ್ ಎಂಬಿಬ್ಬರು ಎಷ್ಟು ಸಂದಿಗೆ, ಎಷ್ಟು ಫ್ರೀಕ್ವೆನ್ಸಿಗೆ, ಎಷ್ಟು ವೋಲ್ಟಿಗೆ ಈ ಕಾಟ ಎಂದು ನಕ್ಷೆ ಹಾಕಿಕೊಟ್ಟರು. ಇಂದಿಗೂ ಹೊಸ ಎಂಜಿನಿಯರಿಗೆ ಮೊದಲು ತೋರಿಸುವುದು ಆ ನಕ್ಷೆಯನ್ನೇ. ಅದರಲ್ಲಿ ಮುಖ್ಯವಾದದ್ದು ಫ್ರೀಕ್ವೆನ್ಸಿ ಮತ್ತು ಸಂದಿನ ಗುಣಲಬ್ಧ. ಅದು ಎರಡರಷ್ಟಾದರೆ ತಾಳ ಕೂಡಲು ಬೇಕಾದ ವೋಲ್ಟೇಜು ನಾಲ್ಕರಷ್ಟು, ಶಕ್ತಿ ಹದಿನಾರರಷ್ಟು. ಹಾಗಾಗಿ ತೊಂದರೆ ಬರುವುದು ವಿಶಾಲವಾದ ಕೊಳವೆಯಲ್ಲಿ ಅಷ್ಟಾಗಿ ಅಲ್ಲ. ಫಿಲ್ಟರಿನ ಟ್ಯೂನಿಂಗ್ ಸ್ಕ್ರೂ ಕೆಳಗೆ, ಕನೆಕ್ಟರಿನೊಳಗೆ, ಹೀಗೆ ಇಕ್ಕಟ್ಟಿನ ಜಾಗಗಳಲ್ಲಿ.

ಎರಡು ಗೋಡೆಯೇ ಬೇಕೆಂದೂ ಇಲ್ಲ. ಕ್ಲೈಸ್ಟ್ರಾನಿನಿಂದ ಶಕ್ತಿ ಹೊರಬರುವ ಕಡೆ ಪಿಂಗಾಣಿಯ ಒಂದು ಕಿಟಕಿ ಇರುತ್ತದೆ. ಅಲೆ ದಾಟುತ್ತದೆ, ಗಾಳಿ ದಾಟುವುದಿಲ್ಲ. ಆ ಪಿಂಗಾಣಿಯಿಂದ ಎಲೆಕ್ಟ್ರಾನುಗಳು ಹೊರಟರೆ ಅದರ ಮೈಮೇಲೆ ಧನ ವಿದ್ಯುದಂಶ ಉಳಿಯುತ್ತದೆ, ಅದು ಹೋದವರನ್ನು ಮತ್ತೆ ಮನೆಗೆ ಎಳೆಯುತ್ತದೆ. ಹೋಗಿ ಬರುವ ದಾರಿಯಲ್ಲಿ ಅಲೆಯಿಂದ ಶಕ್ತಿ ಪಡೆದು ಬಂದು ಬಡಿಯುತ್ತವೆ, ಇನ್ನಷ್ಟು ಹುಟ್ಟುತ್ತವೆ. ಪಿಂಗಾಣಿ ಈ ವಿಷಯದಲ್ಲಿ ಲೋಹಗಳಿಗಿಂತ ಬಹಳ ಫಲವತ್ತು. ಕಿಟಕಿ ಬಿಸಿಯಾಗಿ ಬಿರುಕು ಬಿಟ್ಟರೆ ಗಾಳಿ ಒಳನುಗ್ಗಿ ನಳಿಕೆಯೇ ಹೋಯಿತು. ಇದಕ್ಕೆ ಮದ್ದು, ಕಿಟಕಿಗೆ ಕೆಲವೇ ನ್ಯಾನೋಮೀಟರ್ ದಪ್ಪದ ಟೈಟಾನಿಯಂ ನೈಟ್ರೈಡ್ ಲೇಪನ. ಅದು ನೆಲವನ್ನು ಬಂಜರು ಮಾಡುತ್ತದೆ. ಲೇಪ ಸ್ವಲ್ಪ ದಪ್ಪವಾದರೆ ಅದೇ ವಿದ್ಯುತ್ತನ್ನು ಹೀರಿ ಕಾಯುತ್ತದೆ. ಹದ ಬಹಳ ಮುಖ್ಯ, ಪಾಯಸಕ್ಕೆ ಪಚ್ಚಕರ್ಪೂರ ಹಾಕಿದ ಹಾಗೆ.

ಉಪಗ್ರಹದ ಕಥೆ ಇನ್ನೂ ಸೂಕ್ಷ್ಮ. ಸ್ಲ್ಯಾಕ್‌ನಲ್ಲಿ ಕಿಟಕಿ ಒಡೆದರೆ ಬದಲಾಯಿಸಬಹುದು. ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಹೋದ ಫಿಲ್ಟರನ್ನು ಬಿಚ್ಚುವವರು ಯಾರು? ಅಲ್ಲಿ ಹಲವು ಚಾನೆಲ್‌ಗಳ ಶಕ್ತಿಯನ್ನು ಒಂದೇ ಕೊಳವೆಗೆ ಸೇರಿಸಿ ಆಂಟೆನಾಗೆ ಕಳಿಸುತ್ತಾರೆ. ತಲಾ ನೂರು ವಾಟಿನ ಹತ್ತು ಚಾನೆಲ್ ಎಂದರೆ ಸರಾಸರಿ ಸಾವಿರ ವಾಟ್. ಆದರೆ ಹತ್ತೂ ಅಲೆಗಳ ಶಿಖರ ಒಂದೇ ಕ್ಷಣಕ್ಕೆ ಕೂಡಿಬಿಟ್ಟರೆ ಆ ಕ್ಷಣದ ಶಕ್ತಿ ಹತ್ತು ಸಾವಿರ ವಾಟ್. ಆ ಕ್ಷಣ ಎಷ್ಟು ಹೊತ್ತು ಉಳಿಯುತ್ತದೆ ಎಂಬುದು ಪ್ರಶ್ನೆ. ಎಲೆಕ್ಟ್ರಾನ್ ಇಪ್ಪತ್ತು ಸಲ ಸಂದು ದಾಟುವಷ್ಟು ಹೊತ್ತು ಉಳಿದರೆ ಅಪಾಯವೆಂದು ಯುರೋಪಿನ ಬಾಹ್ಯಾಕಾಶ ಎಂಜಿನಿಯರುಗಳು ಒಂದು ನಿಯಮ ಬಳಕೆಗೆ ತಂದರು. ನಮ್ಮ ಇಪ್ಪತ್ತು ದಾಟಿನ ಲೆಕ್ಕ ನೆನಪಿದೆಯಲ್ಲ, ಮೂರು ಸಾವಿರದ ಮುನ್ನೂರು.

ಕಾಟ ಶುರುವಾದರೆ ಮೊದಲು ಗದ್ದಲ ಹೆಚ್ಚುತ್ತದೆ, ಶಕ್ತಿ ಹಿಂದಕ್ಕೆ ಪುಟಿಯುತ್ತದೆ, ಗೋಡೆ ಬಿಸಿಯಾಗುತ್ತದೆ. ಬಿಸಿಯಾದ ಗೋಡೆ ತನ್ನಲ್ಲಿ ಅಡಗಿದ್ದ ಅನಿಲವನ್ನು ಬಿಡುತ್ತದೆ. ಆ ಅನಿಲ ಹೊತ್ತಿಕೊಂಡರೆ ಅದು ನಿಜವಾದ ಬೆಂಕಿಯಂಥ ವಿಸರ್ಜನೆ, ಲೋಹವೇ ಕರಗಬಹುದು. ಆದ್ದರಿಂದ ಹಾರಿಸುವ ಮುನ್ನ ನೆಲದ ಮೇಲೆ ನಿರ್ವಾತದ ಕೋಣೆಯಲ್ಲಿಟ್ಟು, ನಿಜವಾಗಿ ಬರುವುದಕ್ಕಿಂತ ಹೆಚ್ಚು ಶಕ್ತಿ ಕೊಟ್ಟು ನೋಡುತ್ತಾರೆ, ಕೆಲವೊಮ್ಮೆ ನಾಲ್ಕು ಪಟ್ಟಿನವರೆಗೆ. ಒಂದು ತಮಾಷೆ ಏನೆಂದರೆ, ಮೊದಲ ಎಲೆಕ್ಟ್ರಾನ್ ಇಲ್ಲದಿದ್ದರೆ ಏನೂ ನಡೆಯುವುದಿಲ್ಲ. ಆಕಾಶದಲ್ಲಿ ವಿಕಿರಣ ಅದನ್ನು ಒದಗಿಸುತ್ತದೆ. ಪ್ರಯೋಗಾಲಯದಲ್ಲಿ ನಾವೇ ಸ್ಟ್ರಾನ್ಷಿಯಂನಂಥ ವಿಕಿರಣ ಮೂಲವನ್ನೋ ನೇರಳಾತೀತ ದೀಪವನ್ನೋ ಇಟ್ಟು ಬೀಜ ಬಿತ್ತಬೇಕು. ಬೀಜ ಹಾಕದೆ ಪರೀಕ್ಷೆ ಪಾಸಾಯಿತೆಂದರೆ ಅದಕ್ಕೆ ಅರ್ಥವಿಲ್ಲ.

ಈಗ ನಮ್ಮದೇ ಒಂದು ಸಂಗತಿ, ಮೇಷ್ಟ್ರಿಗೆ ಅವತ್ತು ಹೇಳಿರಲಿಲ್ಲ. ಬಹಳ ವರ್ಷಗಳ ಹಿಂದೆ ನಾವಿಬ್ಬರೂ ಒಂದೇ ಕಡೆ ಕೆಲಸ ಮಾಡುತ್ತಿದ್ದೆವು. ಒಂದು ಫಿಲ್ಟರ್, ಒಳಗೆ ಬೆಳ್ಳಿಯ ಲೇಪ, ಲೆಕ್ಕದಲ್ಲಿ ಎಲ್ಲ ಸರಿ. ಪರೀಕ್ಷೆಯಲ್ಲಿ ಮಾತ್ರ ಅರ್ಧ ಶಕ್ತಿಗೇ ಕೈಕೊಟ್ಟಿತು. ಕೋಣೆ ತೆರೆದು ಫಿಲ್ಟರ್ ಬಿಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಟ್ಯೂನಿಂಗ್ ಸ್ಕ್ರೂ ಎದುರಿಗೆ ಒಂದು ಕಂದು ಕಲೆ, ಅದರ ಅಂಚಿನಲ್ಲಿ ಸಣ್ಣ ಸಣ್ಣ ಬಾಗಿದ ಗೆರೆಗಳು. ಹೆಬ್ಬೆರಳು. ಚರ್ಮದ ಎಣ್ಣೆ ಬೆಳ್ಳಿಯ ಮೇಲೆ ಕೂತರೆ ಒಂದು ಬಡಿತಕ್ಕೆ ಹುಟ್ಟುವ ಎಲೆಕ್ಟ್ರಾನುಗಳ ಸಂಖ್ಯೆ ಏರುತ್ತದೆ. ಬಿಸಿಯಾದಾಗ ಅನಿಲವನ್ನೂ ಬಿಡುತ್ತದೆ. ಜೋಡಿಸುವ ಕೆಲಸ ಮಾಡುತ್ತಿದ್ದವರು ನಮ್ಮ ಹಾಗೆಯೇ ಬೇರೆ ದೇಶದಿಂದ ವಲಸೆ ಬಂದ ಒಬ್ಬ ಹಿರಿಯ ಮಹಿಳೆ. ಗ್ಲೌಸ್ ಇಲ್ಲದೆ ಅವರು ಏನನ್ನೂ ಮುಟ್ಟಿದ್ದನ್ನು ನಾವು ಕಂಡಿರಲಿಲ್ಲ. ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಪ್ರಶ್ನೆ ಕೇಳಿದ್ದು ಅವರನ್ನೇ. ಅವರು ತಲೆ ತಗ್ಗಿಸಿ, ತನಗೆ ಗೊತ್ತಿಲ್ಲ ಎಂದರು.

ಹಿಂದಿನ ವಾರ ರಾತ್ರಿ ಹನ್ನೊಂದಕ್ಕೆ, ಅವರು ಮನೆಗೆ ಹೋದ ಮೇಲೆ, ಅವಸರದಲ್ಲಿ ಮುಚ್ಚಳ ತೆಗೆದು ಸ್ಕ್ರೂ ಸರಿಮಾಡಿದ್ದು ನಾವು. ಆ ಹೆಬ್ಬೆರಳು ನಮ್ಮಿಬ್ಬರಲ್ಲಿ ಯಾರದೆಂದು ಇಲ್ಲಿ ಬರೆಯುವುದಿಲ್ಲ. ಮೀಟಿಂಗಿನಲ್ಲಿ ನಾವು ಮಾತಾಡಲಿಲ್ಲ. ಮಧ್ಯಾಹ್ನದ ಊಟ ಸೇರಲಿಲ್ಲ. ಸಂಜೆ ನಾಲ್ಕಕ್ಕೆ ಹೋಗಿ ಮ್ಯಾನೇಜರಿಗೆ ಹೇಳಿದೆವು, ಆಮೇಲೆ ಅವರಿಗೂ ಹೇಳಿದೆವು. ಅವರು ಬೈಯಲಿಲ್ಲ, ಡ್ರಾಯರಿನಿಂದ ಗ್ಲೌಸಿನ ಒಂದು ಹೊಸ ಡಬ್ಬಿ ತೆಗೆದು ನಮ್ಮ ಮೇಜಿನ ಮೇಲಿಟ್ಟು ತಮ್ಮ ಕೆಲಸಕ್ಕೆ ಹೋದರು. ಫಿಲ್ಟರನ್ನು ತೊಳೆದು, ಬಿಸಿಮಾಡಿ, ಮತ್ತೆ ಕೋಣೆಗಿಟ್ಟು ಎರಡನೆಯ ಸಲ ನೋಡಿದಾಗ ಪೂರ್ತಿ ಶಕ್ತಿಗೂ ತಡೆದುಕೊಂಡಿತು. ಬೆಳಗಿನ ಆ ಏಳೆಂಟು ಗಂಟೆಗಳ ಮೌನ ಮಾತ್ರ ಈಗಲೂ ನೆನಪಾಗುತ್ತದೆ.

ರಕ್ತಬೀಜನನ್ನು ಕೊಲ್ಲಲು ಕಾಳಿ ನಾಲಿಗೆ ಚಾಚಿ ಹನಿ ನೆಲಕ್ಕೆ ಬೀಳದಂತೆ ಹೀರಿದಳು. ಎಂಜಿನಿಯರುಗಳಿಗೂ ಅಂಥ ಉಪಾಯಗಳಿವೆ: ಕಾಂತಕ್ಷೇತ್ರ ಹಾಕಿ ಎಲೆಕ್ಟ್ರಾನಿನ ದಾರಿ ತಿರುಚುವುದು, ಗೋಡೆಯಲ್ಲಿ ಸಣ್ಣ ಗಾಡಿಗಳನ್ನು ಕೊರೆದು ಹುಟ್ಟಿದವು ಅಲ್ಲೇ ಸಿಕ್ಕಿಬೀಳುವಂತೆ ಮಾಡುವುದು, ಕಡಿಮೆ ಶಕ್ತಿಯಿಂದ ಗಂಟೆಗಟ್ಟಲೆ ಬಡಿಸಿ ಗೋಡೆಯನ್ನು ಪಳಗಿಸುವುದು. ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಕಾರ ಬದಲಿಸುವ ಉಪಾಯ. 1970ರ ದಶಕದಲ್ಲಿ ವೇಗವರ್ಧಕಗಳ ಸೂಪರ್‌ಕಂಡಕ್ಟಿಂಗ್ ಕುಹರಗಳು ಡಬ್ಬಿಯ ಹಾಗೆ ನೆಟ್ಟಗಿನ ಗೋಡೆಯವಾಗಿದ್ದವು. ಮಲ್ಟಿಪ್ಯಾಕ್ಟರ್ ಕಾಟದಿಂದ ಶಕ್ತಿ ಏರಿಸಲಾಗದೆ ಕೆಲಸ ನಿಂತುಹೋಗಿತ್ತು. ಆ ದಶಕದ ಕೊನೆಯಲ್ಲಿ ಇಟಲಿ ಮತ್ತು ಜರ್ಮನಿಯ ಕೆಲವರು ಗೋಡೆಯನ್ನು ಗುಂಡಗೆ, ಮೊಟ್ಟೆಯಂತೆ ಬಾಗಿಸಿ ನೋಡಿದರು. ಬಾಗಿದ ಗೋಡೆಯಲ್ಲಿ ಎಲೆಕ್ಟ್ರಾನ್ ಒಂದೊಂದು ಬಡಿತಕ್ಕೂ ಸ್ವಲ್ಪ ಸ್ವಲ್ಪ ಜಾರಿ, ಕೊನೆಗೆ ಕುಹರದ ನಡುಪಟ್ಟಿಗೆ ಬಂದು ಸೇರುತ್ತದೆ. ಅಲ್ಲಿ ವಿದ್ಯುತ್ ಕ್ಷೇತ್ರ ಇಲ್ಲವೇ ಇಲ್ಲ ಎನ್ನುವಷ್ಟು. ಓಡಿಸುವವರಿಲ್ಲದೆ ಅದು ಸುಮ್ಮನಾಗುತ್ತದೆ. ಸ್ಲ್ಯಾಕ್‌ನ ಹಳೆಯ ಯಂತ್ರದ ಮೊದಲ ಒಂದು ಕಿಲೋಮೀಟರನ್ನು ತೆಗೆದು ಹಾಕಿರುವ ಹೊಸ ಸೂಪರ್‌ಕಂಡಕ್ಟಿಂಗ್ ವೇಗವರ್ಧಕದಲ್ಲಿ ಇರುವುದು ಇದೇ ಮೊಟ್ಟೆಯಾಕಾರದ ನಿಯೋಬಿಯಂ ಕುಹರಗಳು. 2023ರ ಸೆಪ್ಟೆಂಬರಿನಲ್ಲಿ ಅದರಿಂದ ಮೊದಲ ಕ್ಷಕಿರಣ ಬಂತು.

ಈ ಕೊಳವೆಯ ಶಾಸ್ತ್ರವನ್ನು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಬೆಳೆಸಿದವರಲ್ಲಿ ರಾಜೇಶ್ವರಿ ಚಟರ್ಜಿ ಅವರ ಹೆಸರನ್ನು ಹೇಳದಿರಲಾಗದು. 1922ರಲ್ಲಿ ಕರ್ನಾಟಕದಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್‌ನಲ್ಲಿ ಓದಿ, ಇಲ್ಲೇ ಉಳಿಯದೆ ಹಿಂದಿರುಗಿ, ಪತಿಯೊಡನೆ ಅಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಕಟ್ಟಿದರು. 2010ರಲ್ಲಿ ತೀರಿಕೊಂಡರು. ನಮ್ಮ ಬಳಗದ ಒಂದು ಸಂಜೆಯನ್ನು ಅವರಿಗೆ ಮೀಸಲಿಡಬೇಕೆಂದು ಸಂಪಾದಕರಲ್ಲಿ ಕೋರಿಕೆ.

ಕೊನೆಗೆ ಪದದ ವಿಷಯ. ಮಲ್ಟಿಪ್ಯಾಕ್ಟರ್‌ಗೆ ಕನ್ನಡದಲ್ಲಿ ಏನೆನ್ನುವುದು? ನಮ್ಮಲ್ಲೊಬ್ಬರು "ಗುಣಕಾಘಾತ" ಎಂದರು. ಕೇಳಲು ಹೃದಯದ ಕಾಯಿಲೆಯ ಹಾಗಿದೆ ಎಂದು ಇನ್ನೊಬ್ಬರು ತಳ್ಳಿಹಾಕಿದರು. ಕರಡನ್ನು ಓದಿದ ಮೇಷ್ಟ್ರು "ಬೀಜಬಡಿತ" ಎಂದು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಇದಕ್ಕಿಂತ ಒಳ್ಳೆಯದು ಹೊಳೆದವರು ಮುಂದಿನ ಸಂಚಿಕೆಗೆ ಮುನ್ನ ಮಿಂಚಂಚೆ ಕಳಿಸಿ. ಮೇಷ್ಟ್ರು ಮುಂದಿನ ತಿಂಗಳು ಊರಿಗೆ ಹೊರಡುತ್ತಾರೆ. ಅದರೊಳಗೆ ಒಂದು ಭಾನುವಾರ ಅವರನ್ನು 280ರಲ್ಲಿ ಕರೆದುಕೊಂಡು ಹೋಗಿ ಆ ಉದ್ದನೆಯ ಕಟ್ಟಡವನ್ನು ತೋರಿಸುವುದೆಂದು ಮಾತಾಗಿದೆ. ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗವಿದೆ.